ಪ್ರಮಾಣದ ಬಾಮೈದ

ತೂಕ ಮತ್ತು ಅಳತೆ ಕಚೇರಿಯ ಮುದ್ರೆಯವರಿಗೆ ಹನ್ನೊಂದು ವರ್ಷದಿಂದ ಮೈಯೆಲ್ಲ ನೋವು. ಓದುವವರು ಈ ಮಾತನ್ನು ಇಲ್ಲೇ ನಂಬಿಬಿಡಬೇಕೆಂದು ಕೋರಿಕೆ. ಮುಂದೆ ಕಥೆಯೊಳಗೆ ನಂಬುವವರು ಸಿಗುವುದು ಕಷ್ಟ.

ಮುದ್ರೆಯವರು ಅನ್ನುವುದು ಅವರ ಹೆಸರಲ್ಲ, ಉದ್ಯೋಗ. ಅಂಗಡಿ ಅಂಗಡಿಗೆ ಹೋಗಿ ಅಲ್ಲಿನ ತಕ್ಕಡಿ ಸತ್ಯ ಹೇಳುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ, ಹೇಳುತ್ತಿದ್ದರೆ ಅದಕ್ಕೊಂದು ಸೀಸದ ಮುದ್ರೆ ಒತ್ತಿ ಬರುವುದು. ಇಪ್ಪತ್ತಾರು ವರ್ಷದಿಂದ ಅದೊಂದೇ ಕೆಲಸ. ಅದಕ್ಕಾಗಿ ಅವರು ಹೊತ್ತು ತಿರುಗುತ್ತಿದ್ದ ಮರದ ಪೆಟ್ಟಿಗೆಯಲ್ಲಿ ಕೆಂಪು ಮಖಮಲ್ಲಿನ ಗುಳಿಗಳೊಳಗೆ ಹಿತ್ತಾಳೆಯ ಪ್ರಮಾಣ ತೂಕಗಳು ಕೂಸುಗಳಂತೆ ಮಲಗಿರುತ್ತಿದ್ದವು. ಆ ತೂಕಗಳು ಎಂದೂ ಸುಳ್ಳು ಹೇಳಿದವಲ್ಲ. ಪ್ರಮಾಣ ತೂಕ ಎಡತಟ್ಟೆಗೆ, ಪರೀಕ್ಷೆಗೆ ಬಂದ ಮಾಲು ಬಲತಟ್ಟೆಗೆ. ಇದು ಕಚೇರಿಯ ಮೊದಲ ನಿಯಮ. ಮುದ್ರೆಯವರು ಮನೆಯಲ್ಲಿ ತಟ್ಟೆ, ಲೋಟ, ಹೆಂಡತಿಯ ಬಾಚಣಿಗೆ ಇಂಥವನ್ನು ಎತ್ತಿಡುವಾಗಲೂ, ನಂಬಿಕಸ್ತವಾದದ್ದು ಎಡಕ್ಕೆ, ಅನುಮಾನದ್ದು ಬಲಕ್ಕೆ ಹೋಗುತ್ತಿತ್ತು.

ಪೆಟ್ಟಿಗೆಯ ತೂಕ ಹದಿನೆಂಟು ಕಿಲೋ. ಇದೂ ಪರೀಕ್ಷಿಸಿ ಹೇಳಿದ ಮಾತು.

ನೋವಿನ ಸ್ವಭಾವ ವಿಚಿತ್ರವಾಗಿತ್ತು. ಬೆಳಿಗ್ಗೆ ಭುಜದಲ್ಲಿದ್ದದ್ದು ಮಧ್ಯಾಹ್ನಕ್ಕೆ ಸೊಂಟಕ್ಕಿಳಿದು ಸಂಜೆ ಮೊಣಕಾಲಿಗೆ ಹೋಗುತ್ತಿತ್ತು. ಸರ್ಕಾರಿ ನೌಕರನ ನೋವಾದ್ದರಿಂದ ಅದಕ್ಕೂ ವರ್ಗಾವಣೆ ತಪ್ಪಲಿಲ್ಲ ಎಂದು ಕಚೇರಿಯವರು ನಗುತ್ತಿದ್ದರು. ಎಂಟು ಗಂಟೆ ನಿದ್ದೆ ಮಾಡಿ ಎದ್ದರೂ ಯಾರೋ ಮೈಮೇಲೆ ಗಾಡಿ ಹಾಯಿಸಿ ಹೋದಂತೆ ಇರುತ್ತಿತ್ತು. ಎಕ್ಸ್‌ರೇ ತೆಗೆಸಿದ್ದಾಯಿತು, ಮೂಳೆಯವರಿಗೆ ತೋರಿಸಿದ್ದಾಯಿತು, ನರದವರಿಗೆ ತೋರಿಸಿದ್ದಾಯಿತು. ಎಲ್ಲರೂ ಕಾಗದ ತಿರುಗಿಸಿ ನೋಡಿ ಒಂದೇ ಮಾತು ಬರೆದರು, ನಾರ್ಮಲ್. ಹೆಂಡತಿ ಆ ಕಾಗದಗಳನ್ನೆಲ್ಲ ಒಂದು ಫೈಲಿನಲ್ಲಿ ಪೋಣಿಸಿ ಇಟ್ಟಿದ್ದಳು. ಗಂಡ ನೀರಿನ ಬಿಂದಿಗೆ ಎತ್ತಲು ಹಿಂದುಮುಂದು ನೋಡಿದರೆ ಬಾಯಿಬಿಡದೆ ಆ ಫೈಲನ್ನು ತಂದು ಬಿಂದಿಗೆಯ ಪಕ್ಕದಲ್ಲಿಡುತ್ತಿದ್ದಳು.

ಶುರುವಿನಲ್ಲಿ ಯಾರಾದರೂ ಹೇಗಿದ್ದೀರಿ ಎಂದರೆ ಮುದ್ರೆಯವರು ನಿಜವನ್ನೇ ಹೇಳುತ್ತಿದ್ದರು. ಭುಜದಿಂದ ಆರಂಭಿಸಿ ಕ್ರಮವಾಗಿ ಕೆಳಗಿಳಿಯುತ್ತಿದ್ದರು. ಸೊಂಟಕ್ಕೆ ಬರುವ ಹೊತ್ತಿಗೆ ಎದುರಿನವರಿಗೆ ಏನೋ ತುರ್ತು ಕೆಲಸ ನೆನಪಾಗುತ್ತಿತ್ತು. ಒಂದು ಮದುವೆ ಮನೆಯಲ್ಲಿ ಹೀಗೆ ಒಂದಿಡೀ ಸಾಲು ಕುರ್ಚಿ ಖಾಲಿಯಾದ ಮೇಲೆ ಹೆಂಡತಿ ಅವರನ್ನು ಮನೆಯಲ್ಲಿ ಕೂರಿಸಿ, ಮಕ್ಕಳಿಗೆ ಮಗ್ಗಿ ಹೇಳಿಕೊಡುವಂತೆ ಒಂದು ಉತ್ತರ ಕಲಿಸಿದಳು. ಯಾರೇ ಕೇಳಲಿ, ಯಾವಾಗಲೇ ಕೇಳಲಿ, ಉತ್ತರ ಒಂದೇ. "ಏನಿಲ್ಲ, ಚೆನ್ನಾಗಿದ್ದೀನಿ." ಒಂದು ತಿಂಗಳು ಅಭ್ಯಾಸ ಮಾಡಿಸಿದಳು. ಆಮೇಲೆ ಆ ಉತ್ತರಕ್ಕೆ ಮುದ್ರೆಯವರೇ ಬೇಕಾಗಲಿಲ್ಲ. ಪ್ರಶ್ನೆ ಮುಗಿಯುವ ಮೊದಲೇ ಬಾಯಿ ತಾನಾಗಿ ಹೇಳಿ ಮುಗಿಸುತ್ತಿತ್ತು.

ಹೀಗಿರುವಾಗ ಕಚೇರಿಗೆ ಯಂತ್ರ ಬಂತು.

ಬುತ್ತಿ ಡಬ್ಬಿಯಷ್ಟು ದೊಡ್ಡದು. ಅದನ್ನು ಹೆಗಲಿಗೆ ನೇತುಹಾಕಿಕೊಂಡು ಬಂದ ಹುಡುಗಿ ದೊಡ್ಡಾಸ್ಪತ್ರೆಯ ಸಂಶೋಧನೆ ವಿಭಾಗದವಳು. ಬೆರಳ ತುದಿಯಿಂದ ಒಂದು ಹನಿ ರಕ್ತ ತೆಗೆದು ಕಾಗದದ ಚೀಟಿಯ ಮೇಲೆ ಒಣಗಿಸಿದರೆ, ಯಂತ್ರ ಅದರ ಮೇಲೆ ಕಣ್ಣಿಗೆ ಕಾಣದ ಒಂದು ಬೆಳಕು ಬಿಟ್ಟು, ವರ್ಷಗಟ್ಟಲೆ ಕಾಡುವ ಮೈನೋವಿನ ಕಾಯಿಲೆಗಳ ಗುರುತು ಅದರಲ್ಲಿದೆಯೋ ಎಂದು ಹೇಳುತ್ತದಂತೆ. ಇದು ಇನ್ನೂ ಪ್ರಯೋಗದ ಹಂತದಲ್ಲಿದೆ, ಡಾಕ್ಟರಿಗೆ ಒಂದು ಸಹಾಯ ಅಷ್ಟೇ, ಗುರುತು ಕಾಣದಿದ್ದರೆ ನೋವೇ ಇಲ್ಲ ಎಂದು ಅರ್ಥವಲ್ಲ ಎಂದು ಆಕೆ ಮೂರು ಸಲ ಹೇಳಿದಳು. ಮೂರು ಸಲವೂ ಯಾರೂ ಕೇಳಿಸಿಕೊಳ್ಳಲಿಲ್ಲ. ಮುದ್ರೆಯವರಂತೂ ಕುರ್ಚಿಯನ್ನು ಯಂತ್ರದ ಹತ್ತಿರಕ್ಕೆ ಎಳೆದುಕೊಂಡರು. ನೋವಿಗೂ ಒಂದು ತಕ್ಕಡಿ ಬಂದಿತ್ತು.

ಸಾಹೇಬರು ಆ ದಿನ ಉದಾರವಾಗಿದ್ದರು. ಕಿಟಕಿ ಪಕ್ಕದ ಮೇಜು ಖಾಲಿ ಬಿದ್ದು ಆರು ತಿಂಗಳಾಗಿತ್ತು. ದಾಖಲೆ ಬರೆಯುವ ಕೆಲಸ, ಕೈಯಿರುವ ಕುರ್ಚಿ, ಪೆಟ್ಟಿಗೆ ಹೊರುವ ಹಾಗಿಲ್ಲ. ಮುದ್ರೆಯವರು ಅದಕ್ಕಾಗಿ ಏಳು ಅರ್ಜಿ ಕೊಟ್ಟಿದ್ದರು. ಎಂಟನೆಯದನ್ನು ಕೈಯಲ್ಲಿ ಹಿಡಿದು ಸಾಹೇಬರು ಹೇಳಿದರು, "ನೋಡ್ರಿ, ನಿಮ್ಮ ಮಾತು ನಂಬಿ ಮೇಜು ಕೊಟ್ರೆ ನಾಳೆ ಎಲ್ಲರಿಗೂ ಸೊಂಟ ನೋಯುತ್ತೆ. ಯಂತ್ರ ಹೇಳ್ಲಿ. ಹೇಳಿದ್ರೆ ಮೇಜು ನಿಮ್ದು."

ಅಷ್ಟಕ್ಕೆ ಬೆರಳು ಚಾಚಿಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿದು, ಮುದ್ರೆಯವರು ಇವತ್ತು ಕಿಟಕಿ ಪಕ್ಕ ಕೂತಿರುತ್ತಿದ್ದರು. ಆದರೆ ಇಪ್ಪತ್ತಾರು ವರ್ಷದ ಅನುಭವ ಅವರೊಳಗಿಂದ ಗಂಟಲು ಸರಿಪಡಿಸಿಕೊಂಡಿತು. ಯಾವ ತಕ್ಕಡಿಯಾದರೂ ಮೊದಲು ಪ್ರಮಾಣ ತೂಕ ಇಟ್ಟು ನೋಡದೆ ನಂಬುವುದು ಹೇಗೆ? ಈ ಯಂತ್ರಕ್ಕೆ ಮುದ್ರೆ ಒತ್ತಿದವರು ಯಾರು? ನೋವೇ ಇಲ್ಲದ ಒಂದು ದೇಹವನ್ನು ಪ್ರಮಾಣವಾಗಿ ಇಟ್ಟು, ಅದರ ಜೊತೆಗೇ ತಮ್ಮ ರಕ್ತವನ್ನೂ ನೋಡಬೇಕು ಎಂದು ಮುದ್ರೆಯವರು ಪಟ್ಟು ಹಿಡಿದರು. ಹುಡುಗಿ ಅದರ ಅಗತ್ಯವಿಲ್ಲವೆಂದು ವಿವರಿಸಿದಳು. ಸಾಹೇಬರು ನಿಯಮ ನಿಯಮವೇ ಎಂದರು. ಕಚೇರಿಯವರೆಲ್ಲ ಹೆಮ್ಮೆಯಿಂದ ತಲೆದೂಗಿದರು. ಆಸ್ಪತ್ರೆಯವರಿಗೆ ಪಾಠ ಹೇಳುವ ಅವಕಾಶ ದಿನಾ ಬರುವುದಲ್ಲ.

ನೋವಿಲ್ಲದ ದೇಹ ಯಾರದು ಎಂಬ ಪ್ರಶ್ನೆಗೆ ಮುದ್ರೆಯವರು ಒಂದು ಕ್ಷಣವೂ ಯೋಚಿಸಲಿಲ್ಲ. ಬಾಮೈದ.

ಹೆಂಡತಿಯ ತಮ್ಮನಾದ ಇವನು ನಾಲ್ಕು ವರ್ಷದ ಹಿಂದೆ, ಬೇರೆ ಕೋಣೆ ಸಿಗುವ ತನಕ ಎಂದು ಬಂದು ಇವರ ಮನೆಯ ಮೇಲಿನ ಕೋಣೆಯಲ್ಲಿ ಇಳಿದಿದ್ದ. ಹಾಸಿಗೆ ಅಂಗಡಿಯಲ್ಲಿ ಕೆಲಸ. ಗಿರಾಕಿಗಳ ಎದುರು ಹಾಸಿಗೆಯ ಮೇಲೆ ಮಲಗಿ, ಆಹಾ ಎಂಬ ಮುಖ ಮಾಡಿ ತೋರಿಸುವುದು ಅವನ ಹೊಣೆ. ದಿನವಿಡೀ ಅಂಗಡಿಯಲ್ಲಿ ಮಲಗಿ, ಸಂಜೆ ದಣಿದು ಬಂದು ಮನೆಯಲ್ಲಿ ಮಲಗುತ್ತಿದ್ದ. ನಾಲ್ಕು ವರ್ಷದಲ್ಲಿ ಅವನಿಗೆ ಒಂದು ಸೀನು ಬಂದದ್ದನ್ನು ಯಾರೂ ಕೇಳಿರಲಿಲ್ಲ. ಫೋನು ಮಾಡಿದಾಗ ಅರ್ಧ ಗಂಟೆಯಲ್ಲಿ ಬಂದ. "ಏನ್ ಭಾವ, ರಕ್ತ ತಾನೆ? ಎಷ್ಟು ಬೇಕೋ ತಗೊಳ್ಳಿ" ಎಂದು ಅಂಗಿಯ ತೋಳು ಮಡಿಸಿದ. ಒಂದು ಹನಿ ಸಾಕೆಂದಾಗ ಸ್ವಲ್ಪ ನಿರಾಸೆಯೂ ಪಟ್ಟ.

ಹುಡುಗಿ ಇಬ್ಬರಿಗೂ ಮನುಷ್ಯನ ಆಕಾರ ಬರೆದ ಒಂದೊಂದು ಹಾಳೆ ಕೊಟ್ಟು, ಎಲ್ಲೆಲ್ಲಿ ನೋವಿದೆಯೋ ಅಲ್ಲಿ ಪೆನ್ಸಿಲಿನಿಂದ ಬಣ್ಣ ತುಂಬಲು ಹೇಳಿದಳು. ಬಾಮೈದ ಹಾಳೆಯನ್ನು ಹಾಗೇ ಹಿಂದಿರುಗಿಸಿದ. ಮುದ್ರೆಯವರು ತಲೆಯಿಂದ ಶುರುಮಾಡಿ ಪಾದದವರೆಗೆ ತುಂಬಿ, ಪೆನ್ಸಿಲು ಮೊಂಡಾದ ಮೇಲೆ ಇನ್ನೊಂದು ಕೇಳಿ ಪಡೆದು, ಗೆರೆಯ ಆಚೆಗೂ ಅರ್ಧ ಅಂಗುಲ ತುಂಬಿದರು. ಹುಡುಗಿ ಅದನ್ನು ನೋಡಿ ಮೆಲ್ಲನೆ, "ಇಷ್ಟೊಂದಾ ಸಾರ್?" ಎಂದಳು. ಹನ್ನೊಂದು ವರ್ಷದಲ್ಲಿ ಯಾರೂ ಹಾಗೆ ಕೇಳಿರಲಿಲ್ಲ. ಮುದ್ರೆಯವರ ಕಣ್ಣು ತೇವವಾಯಿತು. ಬಾಯಿ ಮಾತ್ರ ತನ್ನ ಪಾಡಿಗೆ, "ಏನಿಲ್ಲ, ಚೆನ್ನಾಗಿದ್ದೀನಿ" ಎಂದಿತು.

ಇಬ್ಬರ ಬೆರಳಿಗೂ ಚುಚ್ಚಿ, ಎರಡು ಚೀಟಿಗಳನ್ನು ತಟ್ಟೆಯಲ್ಲಿ ಒಣಗಲು ಇಟ್ಟದ್ದಾಯಿತು. ಮೊದಲು ಚುಚ್ಚಿಸಿಕೊಂಡ ಮುದ್ರೆಯವರದು ಎಡಗಡೆ, ಬಾಮೈದನದು ಬಲಗಡೆ. ಸಾಮಾನ್ಯವಾಗಿ ಒಬ್ಬೊಬ್ಬರದನ್ನೇ ನೋಡುವ ಹುಡುಗಿ, ಇಬ್ಬರದನ್ನು ಒಟ್ಟಿಗೆ ನೋಡಬೇಕಾಗಿ ಬಂದದ್ದರಿಂದ, ಅಂಟಿಸುವ ನಂಬರುಗಳನ್ನು ತರಲು ಕೆಳಗೆ ಗಾಡಿಯ ಹತ್ತಿರ ಹೋದಳು. ಬಾಮೈದ ಬೆಂಚಿನ ಮೇಲೆ ಕಣ್ಣು ಮುಚ್ಚಿದ್ದ. ಮುದ್ರೆಯವರು ತಟ್ಟೆಯನ್ನೇ ನೋಡುತ್ತ ಕೂತಿದ್ದವರು, ಚೀಟಿಗಳು ಓರೆಕೋರೆಯಾಗಿವೆ ಅನ್ನಿಸಿ, ಕೈ ಚಾಚಿ ಒಪ್ಪವಾಗಿ ಜೋಡಿಸಿಟ್ಟರು. ಹುಡುಗಿ ಬಂದು ಎಡಗಡೆಯದಕ್ಕೆ ಒಂದು, ಬಲಗಡೆಯದಕ್ಕೆ ಎರಡು ಎಂದು ನಂಬರು ಅಂಟಿಸಿದಳು.

ಸ್ವಲ್ಪ ಹೊತ್ತಿಗೆ ಯಂತ್ರ ಎರಡು ಸಲ ಕುಯ್ಯೆಂದಿತು. ಹುಡುಗಿ ಕಾಗದ ನೋಡಿದಳು, ಬಣ್ಣ ತುಂಬಿದ ಹಾಳೆ ನೋಡಿದಳು, ಮತ್ತೆ ಕಾಗದ ನೋಡಿದಳು. ನಂಬರು ಒಂದರಲ್ಲಿ ಗುರುತಿಲ್ಲ, ನಂಬರು ಎರಡರಲ್ಲಿ ಗುರುತು ಎದ್ದು ಕಾಣುತ್ತಿದೆ ಎಂದಳು.

ಬಾಮೈದ ಎದ್ದು ಕೂತು, "ನಂಗೇನೂ ನೋವಿಲ್ವಲ್ಲ ಭಾವ" ಎಂದ. ಎಲ್ಲರೂ ಅವನನ್ನು ಕರುಣೆಯಿಂದ ನೋಡಿದರು. ಸಾಹೇಬರು ತಾವೇ ಎದ್ದು ಬಂದು ಅವನ ಬೆನ್ನು ತಟ್ಟಿ, ನಾಲ್ಕು ವರ್ಷ ಒಂದು ಮಾತಾಡದೆ ತಡೆದುಕೊಂಡಿದ್ದಾನಲ್ಲ, ಇದಲ್ಲವೇ ಗಂಡಸುತನ ಎಂದರು. ಆಮೇಲೆ ಮುದ್ರೆಯವರತ್ತ ತಿರುಗಿ ಎಂಟನೆಯ ಅರ್ಜಿಯನ್ನು ನಾಲ್ಕಾಗಿ ಮಡಿಸಿ ಅವರ ಜೇಬಿಗೆ ಇಟ್ಟರು. ಹುಡುಗಿ, ಇದೊಂದನ್ನೇ ನಂಬಬೇಡಿ, ಡಾಕ್ಟರನ್ನು ಕಾಣಬೇಕು ಎಂದು ನಾಲ್ಕನೆಯ ಸಲ ಹೇಳಿದಳು. ಅಷ್ಟರಲ್ಲಿ ಯಾರೋ ಬಾಮೈದನಿಗೆ ಚಹಾ ತರಲು ಓಡಿದ್ದರು.

ಆ ಹೊತ್ತಿಗೆ ಮುದ್ರೆಯವರಿಗೂ ಗೊಂದಲವಾಗಿತ್ತು. ಸುಳ್ಳಾದದ್ದು ಪ್ರಮಾಣವೋ ಯಂತ್ರವೋ, ಪ್ರಮಾಣ ಇಟ್ಟೇ ನೋಡಬೇಕೆಂದು ಪಟ್ಟು ಹಿಡಿದದ್ದಂತೂ ತಾವೇ. ಹಾಗಾದರೆ ಹನ್ನೊಂದು ವರ್ಷದಿಂದ ನೋಯುತ್ತಿದ್ದದ್ದು ಏನು? ಮನೆಗೆ ಹೋಗುವ ದಾರಿಯಲ್ಲಿ ಅವರು ಮೊಣಕಾಲನ್ನು ಒಮ್ಮೆ ಒತ್ತಿ ನೋಡಿಕೊಂಡರು. ನೋವಾಯಿತು. ನಾರ್ಮಲ್ ಆದ ನೋವು.

ಮನೆಯಲ್ಲಿ ಹೆಂಡತಿ ಸುದ್ದಿ ಕೇಳಿ ಸೆರಗಿಗೆ ಕಣ್ಣೊತ್ತಿಕೊಂಡಳು. ತಮ್ಮ ಹತ್ತು ಗಂಟೆಯವರೆಗೆ ಏಳುತ್ತಿರಲಿಲ್ಲ, ಅದು ಸೋಮಾರಿತನ ಎಂದು ತಾನು ಎಷ್ಟು ಬೈದಿದ್ದೆ. ಬಕೆಟ್ಟು ಎತ್ತು ಎಂದರೆ ಎತ್ತುತ್ತಿರಲಿಲ್ಲ. ಬೇರೆ ಕೋಣೆ ಹುಡುಕಲು ಅಲೆಯಲಿಲ್ಲ. ಪಾಪ, ಒಂದೊಂದೂ ಲಕ್ಷಣವಾಗಿತ್ತು, ನಮಗೆ ತಿಳಿಯಲಿಲ್ಲ ಎಂದು ಒಂದೊಂದನ್ನೇ ನೆನೆದು ಅತ್ತಳು. ಇವೆಲ್ಲ ಲಕ್ಷಣ ತಮಗೂ ಇವೆಯಲ್ಲ ಎಂದು ಮುದ್ರೆಯವರು ಮೆಲ್ಲಗೆ ಜ್ಞಾಪಿಸಿದರು. ಹೆಂಡತಿ ಫೈಲು ತಂದು, ಹೊಸ ಕಾಗದವನ್ನು ಎಲ್ಲಕ್ಕಿಂತ ಮೇಲೆ ಪೋಣಿಸಿದಳು.

ಮಾರನೆಯ ದಿನ ಅತ್ತೆ ಬಸ್ಸಿಳಿದರು, ಕಂಕುಳಲ್ಲಿ ಎರಡು ದಿಂಬು. ಮಗ ಮೆಟ್ಟಿಲು ಹತ್ತಬಾರದು, ಕೆಳಗೇ ಇರಲಿ ಎಂದು ತೀರ್ಮಾನವಾಯಿತು. ಮೇಲಿನ ಕೋಣೆಯಲ್ಲಿದ್ದ ತೇಗದ ಆರಾಮಕುರ್ಚಿ ಕೆಳಗೆ ಬರಬೇಕಾಯಿತು. ಹೊರುವವರು ಯಾರು ಎಂದು ಯಾರೂ ಕೇಳಲಿಲ್ಲ. ಮನೆಯಲ್ಲಿ ನೋವಿಲ್ಲವೆಂದು ದಾಖಲೆಯಿದ್ದ ಗಂಡಸು ಒಬ್ಬರೇ. ಮುದ್ರೆಯವರು ಕುರ್ಚಿಯನ್ನು ಇಪ್ಪತ್ತೆರಡು ಮೆಟ್ಟಿಲು ಇಳಿಸಿ, ತಾವು ಮಲಗುತ್ತಿದ್ದ ಜಾಗದಲ್ಲಿ ಇಟ್ಟರು. ಅವರ ಬಿಸಿನೀರಿನ ಚೀಲ, ನೋವಿನ ಎಣ್ಣೆ, ಸೊಂಟದ ಪಟ್ಟಿ ಒಂದಾದ ಮೇಲೊಂದು ಕುರ್ಚಿಯ ಕಡೆ ಹೋದವು. ಮುದ್ರೆಯವರು ಮೇಲಿನ ಕೋಣೆಗೆ ಹೋದರು.

ಬಾಮೈದ ಮೊದಲ ಎರಡು ದಿನ ಪ್ರಾಮಾಣಿಕವಾಗಿ ಹೋರಾಡಿದ. ನನಗೆ ಏನೂ ನೋವಿಲ್ಲ ಎಂದು ಅಕ್ಕನಿಗೆ ಹೇಳಿದ, ಅಮ್ಮನಿಗೆ ಹೇಳಿದ, ಪಕ್ಕದ ಮನೆಯವರಿಗೆ ಹೇಳಿದ. ಹೇಳಿದಷ್ಟೂ ಅವರ ಕಣ್ಣು ತುಂಬುತ್ತಿತ್ತು. ಮೂರನೆಯ ದಿನ ಕುಣಿದು ತೋರಿಸಿದ. ಅತ್ತೆ ಬಾಯಿಗೆ ಕೈಯಿಟ್ಟುಕೊಂಡು, ಮಗು ನಮ್ಮ ಸಮಾಧಾನಕ್ಕೆ ಕುಣೀತಿದ್ದಾನೆ ಎಂದರು. ನಾಲ್ಕನೆಯ ದಿನ ಅವನು ಸುಮ್ಮನೆ ಕುರ್ಚಿಯಲ್ಲಿ ಕೂತು ಬಿಸಿನೀರಿನ ಚೀಲ ಮಡಿಲಲ್ಲಿಟ್ಟುಕೊಂಡ.

ಕೆಳಮನೆಯ ನಿವೃತ್ತ ಮೇಷ್ಟ್ರು ಮೆಟ್ಟಿಲ ನಡುವೆಯೇ ಮುದ್ರೆಯವರನ್ನು ತಡೆದು ನಿಲ್ಲಿಸಿ ಬುದ್ಧಿ ಹೇಳಿದರು. "ಆ ಹುಡುಗನ್ನ ನೋಡಿ ಕಲೀರಿ. ಮೈತುಂಬ ನೋವಿಟ್ಕೊಂಡು ನಗ್ತಾನೆ. ನೀವು ಏನೂ ಇಲ್ದೆ ಮೆಟ್ಟಿಲಿಗೊಂದ್ಸಲ ಅಮ್ಮಾ ಅಂತೀರಿ." ಮುದ್ರೆಯವರು ಉಳಿದ ಒಂಬತ್ತು ಮೆಟ್ಟಿಲು ಹಲ್ಲು ಕಚ್ಚಿಕೊಂಡು ಹತ್ತಿದರು. ಹಾಸಿಗೆ ಅಂಗಡಿಯ ಯಜಮಾನ ಬಾಮೈದನನ್ನು ಕೆಲಸದಿಂದ ತೆಗೆಯುವುದಿರಲಿ, ಅಂಗಡಿಯ ಗಾಜಿನ ಕಿಟಕಿಯೊಳಗೆ ಎಲ್ಲಕ್ಕಿಂತ ಒಳ್ಳೆಯ ಹಾಸಿಗೆಯ ಮೇಲೆ ಮಲಗಿಸಿ, ಪಕ್ಕದಲ್ಲಿ ಒಂದು ಬೋರ್ಡು ನಿಲ್ಲಿಸಿದ. ತೀವ್ರ ನೋವಿನವರೂ ನೆಮ್ಮದಿಯಾಗಿ ನಿದ್ರಿಸುವ ಹಾಸಿಗೆ, ಕಣ್ಣಾರೆ ನೋಡಿ. ಜನ ಗುಂಪುಗಟ್ಟಿ ನೋಡಿದರು. ಪೆಟ್ಟಿಗೆ ಹೊತ್ತು ಆ ಬೀದಿಯಲ್ಲಿ ಹೋಗುವಾಗ ಮುದ್ರೆಯವರೂ ಒಂದು ನಿಮಿಷ ನಿಂತು ನೋಡಿದರು. ನಿಜವಾಗಿಯೂ ಒಳ್ಳೆಯ ನಿದ್ದೆ.

ಅತ್ತ ಕಚೇರಿಯಲ್ಲಿ, ಆರೋಗ್ಯ ಖಾತ್ರಿಯಾದ ನೌಕರ ಒಬ್ಬರೇ ಎಂದು ಸಾಹೇಬರು ಮರ ಮಾರುವ ಅಡ್ಡೆಗಳ ಸುತ್ತನ್ನೂ ಮುದ್ರೆಯವರಿಗೇ ಹಚ್ಚಿದರು. ಅಲ್ಲಿನ ದೊಡ್ಡ ತಕ್ಕಡಿಗಳಾದ ಕಾಟಾಗಳಿಗೆ ಇಪ್ಪತ್ತು ಕಿಲೋದ ಕಬ್ಬಿಣದ ತೂಕಗಳು ಬೇಕು. ಬಳೆಯಿರುವ ಆ ತೂಕಗಳನ್ನು ಎರಡು ಕೈಯಲ್ಲಿ ಎರಡು ಹಿಡಿದು ನಡೆಯುವಾಗ ಮುದ್ರೆಯವರು ಒಂದು ವಿಷಯ ಗಮನಿಸಿದರು. ಈಗ ನೋವು ವರ್ಗವಾಗುತ್ತಿರಲಿಲ್ಲ. ಎಲ್ಲ ಕಡೆಯೂ ಒಟ್ಟಿಗೇ ಕಾಯಂ ಆಗಿತ್ತು.

ಹತ್ತನೆಯ ದಿನ ಅವರು ಮೊಳೆ ಅಂಗಡಿಯೊಂದರ ಹಳೆಯ ತಕ್ಕಡಿಯನ್ನು ಪರೀಕ್ಷಿಸುತ್ತಿದ್ದರು. ಅಂಗಡಿಯವನು ಮೊದಲೇ ಎಡತಟ್ಟೆಯಲ್ಲಿ ಒಂದು ಪೊಟ್ಟಣ ಮೊಳೆ ಇಟ್ಟಿದ್ದ. ಅವನೊಂದಿಗೆ ಮಾತಾಡುತ್ತಲೇ ಮುದ್ರೆಯವರ ಕೈ ಪೊಟ್ಟಣವನ್ನೆತ್ತಿ ಬಲತಟ್ಟೆಗಿಟ್ಟು, ಹಿತ್ತಾಳೆಯ ತೂಕವನ್ನು ಎಡತಟ್ಟೆಗೆ ಇಟ್ಟಿತು. ಮುಳ್ಳು ನೆಟ್ಟಗೆ ನಿಂತಿತು. ಮುದ್ರೆಯವರೂ ನಿಂತರು.

ಪ್ರಮಾಣ ಎಡಕ್ಕೆ, ಪರೀಕ್ಷೆಯ ಮಾಲು ಬಲಕ್ಕೆ.

ಆ ದಿನ ತಟ್ಟೆಯಲ್ಲಿದ್ದ ಚೀಟಿಗಳು, ಓರೆಕೋರೆ, ತಾವು ಕೈ ಚಾಚಿ ಒಪ್ಪವಾಗಿ ಜೋಡಿಸಿದ್ದು. ಪ್ರಮಾಣ ಬಾಮೈದ. ಅವನ ಚೀಟಿ ಎಡಕ್ಕೆ ಬಂದಿತ್ತು, ತಮ್ಮದು ಬಲಕ್ಕೆ ಹೋಗಿತ್ತು. ಹುಡುಗಿ ಪಾಪ, ಇಟ್ಟಲ್ಲೇ ಇದೆ ಎಂದುಕೊಂಡು ನಂಬರು ಅಂಟಿಸಿದ್ದಳು. ಯಂತ್ರ ಸತ್ಯವನ್ನೇ ಹೇಳಿತ್ತು. ಎದ್ದು ಕಾಣುತ್ತಿದ್ದ ಆ ಗುರುತು ಮುದ್ರೆಯವರ ರಕ್ತದ್ದು. ಅಂಗಡಿಯವನು ಏನಾಯ್ತು ಸಾರ್ ಎಂದ. ಏನಿಲ್ಲ, ಚೆನ್ನಾಗಿದ್ದೀನಿ ಎಂದು ಹೇಳಿ ಮುದ್ರೆಯವರು ಮೊಳೆಯ ಚೀಲದ ಮೇಲೇ ಕೂತುಬಿಟ್ಟರು.

ಹೆಂಡತಿಗೆ ಅವರು ಎಲ್ಲವನ್ನೂ ವಿವರಿಸಿದರು. ಎರಡು ಬಿಲ್ಲೆ ಬಿಸ್ಕತ್ತನ್ನು ತಟ್ಟೆಯಲ್ಲಿಟ್ಟು, ಒಂದನ್ನು ಅತ್ತ, ಒಂದನ್ನು ಇತ್ತ ಮಾಡಿ ತೋರಿಸಿದರು. ಅವಳು ಕೊನೆಯವರೆಗೂ ಕೇಳಿದಳು. ಆಮೇಲೆ ತಟ್ಟೆಯನ್ನೆತ್ತಿ ತಮ್ಮನ ಮುಂದಿಟ್ಟು ಬಂದು, ದನಿ ಏರಿಸದೆ ಕೇಳಿದಳು.

"ರೀ, ಈಗ ಅವನ ಕಾಯಿಲೇನೂ ನಿಮಗೇ ಬೇಕಾ?"

ಸಾಹೇಬರು ಬಾಗಿಲು ಹಾಕಿಕೊಂಡು ಕೇಳಿದರು. ಕೇಳುತ್ತ ಕೇಳುತ್ತ ಅವರ ಮುಖದ ಬಣ್ಣವೇ ಬದಲಾಯಿತು. "ಏನ್ರೀ ಹೇಳ್ತಿದೀರಿ? ನಿಮ್ಮ ಕೈ ನಿಮಗೇ ಗೊತ್ತಿಲ್ದೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಇಡುತ್ತೆ ಅಂತ ಬರ್ಕೊಡ್ತೀರಾ? ಇಪ್ಪತ್ತಾರು ವರ್ಷ ಮುದ್ರೆ ಒತ್ತಿದ ಕೈ ಅದು. ಊರಿನ ಅರ್ಧ ತಕ್ಕಡಿ ನಿಮ್ಮ ಕೈಯಿಂದ ಆಗಿದೆ. ನಾಳೆ ಅಂಗಡಿಯವರೆಲ್ಲ ಬಂದು ಬಾಗಿಲಲ್ಲಿ ನಿಂತ್ರೆ ನಾನೇನ್ ಹೇಳ್ಲಿ?" ಮುದ್ರೆಯವರು ತಮ್ಮ ಕೈ ಅಂಗಡಿಗಳಲ್ಲಿ ಯಾವತ್ತೂ ಸರಿಯಾಗಿಯೇ ಇಟ್ಟಿದೆ, ಸರಿಯಾಗಿಯೇ ಇಟ್ಟು ಇಟ್ಟು ಹೀಗಾಗಿದೆ ಎಂದರು. ಸಾಹೇಬರಿಗೆ ಆ ಸೂಕ್ಷ್ಮ ಹಿಡಿಸಲಿಲ್ಲ. ಮರೆತುಬಿಡಿ, ಒಂದು ನೋವಿಗೋಸ್ಕರ ಒಂದು ಹೆಸರು ಕಳೆದುಕೊಳ್ಳಬೇಡಿ ಎಂದು ಹಿತವಾಗಿಯೇ ಹೇಳಿದರು.

ಮುದ್ರೆಯವರು ಮೂರು ದಿನ ಯೋಚಿಸಿದರು. ಅವರಿಗಿದ್ದದ್ದು ಎರಡೇ, ಒಂದು ಮುದ್ರೆ, ಒಂದು ನೋವು. ಮುದ್ರೆಯನ್ನು ಊರೆಲ್ಲ ನಂಬುತ್ತಿತ್ತು, ನೋವನ್ನು ಯಾರೂ ನಂಬುತ್ತಿರಲಿಲ್ಲ. ಒಂದನ್ನು ಕೊಟ್ಟರೆ ಇನ್ನೊಂದಕ್ಕೆ ಸಾಕ್ಷಿ ಸಿಗುತ್ತಿತ್ತು. ನಾಲ್ಕನೆಯ ದಿನ ಬೆಳಿಗ್ಗೆ ಹಾಸಿಗೆಯಿಂದ ಏಳಲು ಇಪ್ಪತ್ತು ನಿಮಿಷ ಹಿಡಿಯಿತು. ಕೂತು ಬರೆದರು. ನಡೆದದ್ದು ನಡೆದಂತೆ, ಮೂರು ಪ್ರತಿ. ಒಂದು ಸಾಹೇಬರಿಗೆ, ಒಂದು ದೊಡ್ಡಾಸ್ಪತ್ರೆಯ ಹುಡುಗಿಗೆ, ಒಂದು ಹೆಂಡತಿಯ ಫೈಲಿಗೆ.

ಹುಡುಗಿ ಓದಿದ ಮರುದಿನವೇ ಬಂದಳು. ತಪ್ಪು ತನ್ನದೂ ಇದೆ, ನಂಬರು ಮೊದಲೇ ಅಂಟಿಸಬೇಕಿತ್ತು ಎಂದಳು. ಈ ಸಲ ಒಬ್ಬೊಬ್ಬರನ್ನೇ ಕರೆದು, ಚುಚ್ಚುವ ಮೊದಲೇ ನಂಬರು ಅಂಟಿಸಿ, ಮುದ್ರೆಯವರ ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಲು ಹೇಳಿದಳು. ಯಂತ್ರದ ಮಾತು ಆಸ್ಪತ್ರೆಯ ಡಾಕ್ಟರ ಕೈಗೆ ಹೋಯಿತು. ಅವರು ಮುದ್ರೆಯವರನ್ನು ಕರೆಸಿ, ಒಂದು ಗಂಟೆ ಒತ್ತಿ, ಬಗ್ಗಿಸಿ, ಕೇಳಿ ನೋಡಿ, ಹದಿನೈದು ದಿನದಲ್ಲಿ ಕಾಗದ ಕಳಿಸುವುದಾಗಿ ಹೇಳಿದರು.

ಆ ಹದಿನೈದು ದಿನದಲ್ಲಿ ಸಾಹೇಬರು ತಮ್ಮ ಕರ್ತವ್ಯ ಮಾಡಿದರು. ಬೇಸರದಿಂದಲೇ ಮಾಡಿದರು. ವಿಚಾರಣೆ ಮುಗಿಯುವವರೆಗೆ ಮುದ್ರೆಯ ಅಚ್ಚನ್ನು ವಾಪಸು ಪಡೆದು, ಕೆಲಸಕ್ಕೆ ಸೇರಿ ಎಂಟು ತಿಂಗಳಾದ ಹೊಸಬರೊಬ್ಬರಿಗೆ ಕೊಟ್ಟರು. ಹೊಸಬರಿಗೆ ಅನುಭವ ಸಾಲದು, ಆದ್ದರಿಂದ ಮುದ್ರೆಯವರೂ ಜೊತೆಗೆ ಹೋಗಬೇಕು. ಹೊಸಬರು ಮುದ್ರೆ ಒತ್ತಬೇಕು. ಮುದ್ರೆಯವರು ಪೆಟ್ಟಿಗೆ ಹೊರಬೇಕು. ಕಿಟಕಿ ಪಕ್ಕದ ಮೇಜು, ವಿಚಾರಣೆಯಲ್ಲಿರುವ ನೌಕರನಿಗೆ ದಾಖಲೆ ಮುಟ್ಟಲು ಕೊಡುವ ಹಾಗಿಲ್ಲ ಎಂಬ ಕಾರಣಕ್ಕೆ, ಮೊದಲಿನಂತೆ ಖಾಲಿ ಉಳಿಯಿತು. ಸಂಜೆ ಬಿಸಿಲು ಬಂದು ಆ ಕುರ್ಚಿಯಲ್ಲಿ ಕೂತು ಹೋಗುತ್ತಿತ್ತು. ಬಜಾರಿನವರು ಅವರನ್ನು ಇನ್ನೂ ಮುದ್ರೆಯವರೇ ಎಂದು ಕರೆಯುತ್ತಿದ್ದರು. ಅವರು ಪೆಟ್ಟಿಗೆ ಕೆಳಗಿಟ್ಟು ಹೊಸಬರ ಕಡೆ ಕೈ ತೋರಿಸುತ್ತಿದ್ದರು.

ಕಾಗದ ಒಂದು ಶನಿವಾರ ಸಂಜೆ ಬಂತು. ಎರಡು ಲಕೋಟೆ. ಮುದ್ರೆಯವರು ಬಾಗಿಲಲ್ಲೇ ನಿಂತು ತಮ್ಮದನ್ನು ಒಡೆದು ಓದಿದರು. ಕಾಯಿಲೆಗೊಂದು ಹೆಸರಿತ್ತು, ಉದ್ದನೆಯ ಹೆಸರು, ಉಚ್ಚರಿಸಲು ಬರಲಿಲ್ಲ. ಹೆಸರಿನ ಕೆಳಗೆ, ಈತ ಹಲವು ವರ್ಷದಿಂದ ತೀವ್ರ ನೋವಿನಲ್ಲಿದ್ದಾರೆ, ಭಾರ ಹೊರಬಾರದು ಎಂದಿತ್ತು. ಅವರು ಆ ಸಾಲನ್ನು ಮುಳ್ಳು ನೋಡುವ ಹಾಗೆ ಒಂದು ಕಣ್ಣು ಮುಚ್ಚಿ ನೋಡಿದರು. ಅಚ್ಚು ಕೈಯಲ್ಲಿದ್ದಿದ್ದರೆ ಮುದ್ರೆ ಒತ್ತುತ್ತಿದ್ದರು. ಹನ್ನೊಂದು ವರ್ಷದಲ್ಲಿ ಅವರು ಕಂಡ ಮೊದಲ ಸರಿಯಾದ ತೂಕ ಅದು.

ಎರಡೂ ಕಾಗದವನ್ನು ಹೆಂಡತಿಯ ಕೈಗೆ ಕೊಟ್ಟರು. ಅವಳು ಕನ್ನಡಕ ಹುಡುಕಿ ಹಾಕಿಕೊಂಡಳು. ತಮ್ಮನದು ಮೇಲಿತ್ತು, ಯಾವ ಕಾಯಿಲೆಯ ಗುರುತೂ ಇಲ್ಲ ಎಂದಿತ್ತು. ಓದಿದಳು, ಇನ್ನೊಮ್ಮೆ ಓದಿದಳು, ಕಾಗದವನ್ನು ಎದೆಗೊತ್ತಿಕೊಂಡಳು.

"ಅಮ್ಮಾ, ಇಲ್ಲಿ ಬಾ. ವಾಸಿಯಾಗಿದೆ ಅಂತೆ. ಇವನಿಗೆ ಪೂರ್ತಿ ವಾಸಿಯಾಗಿದೆ ಅಂತೆ."

ಅತ್ತೆ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಓಡಿ ಬಂದರು. ದಿಂಬಿನ ಗುಣ ಎಂದರು. ಎಣ್ಣೆಯ ಗುಣ ಎಂದು ಹೆಂಡತಿ ಅಂದಳು. ಕೆಳಮನೆಯ ಮೇಷ್ಟ್ರು ಬಂದು, ಮನೋಬಲದ ಗುಣ ಎಂದು ತೀರ್ಪು ಕೊಟ್ಟರು. ಪಕ್ಕದ ಮನೆಯವರು ಬಂದರು. ಬಾಮೈದ ಎಲ್ಲರ ನಡುವೆ ಕೂತು ಬೆಬ್ಬಳಿಸುತ್ತಿದ್ದ. ಎರಡನೆಯ ಕಾಗದ ಹೆಂಡತಿಯ ಕೈಯಲ್ಲಿ ಮೊದಲನೆಯದರ ಅಡಿಯಲ್ಲೇ ಇತ್ತು. ಬಂದವರಿಗೆ ಚಹಾ ಕೊಡುವ ಗಡಿಬಿಡಿಯಲ್ಲಿ ಅವಳು ಅದನ್ನು ಬಿಸಿ ಪಾತ್ರೆಯ ಕೆಳಗೆ ಇಟ್ಟಳು. ಮುದ್ರೆಯವರು ಎರಡು ಸಲ, ನೋಡು, ಅದರ ಅಡೀಲಿ ಇನ್ನೊಂದಿದೆ ಎಂದರು. ನೋಡ್ತೀನಿ ಇರಿ ಎಂದಳು. ಆಮೇಲೆ ಅತ್ತೆ, ಕೋಣೆಯ ತುಂಬ ಜನ, ಕೂರಲು ಜಾಗವಿಲ್ಲ, ಈ ಆರಾಮಕುರ್ಚಿ ಇನ್ನು ಯಾಕೆ, ಅಳಿಯಂದಿರು ಮೇಲೆ ಇಟ್ಟು ಬರಲಿ ಎಂದರು.

ಮುದ್ರೆಯವರು ಪಾತ್ರೆ ಎತ್ತಿ ಕಾಗದ ತೆಗೆದುಕೊಂಡರು. ಮಧ್ಯದಲ್ಲಿ ದುಂಡನೆಯ ಕಲೆಯಾಗಿತ್ತು. ಭಾರ ಹೊರಬಾರದು ಎಂಬ ಸಾಲು ಕಲೆಯ ಒಳಗಿತ್ತು, ಆದರೂ ಓದಬಹುದಿತ್ತು. ಮಡಿಸಿ ಜೇಬಿನಲ್ಲಿಟ್ಟು ಕುರ್ಚಿ ಎತ್ತಿದರು.

ಹನ್ನೆರಡನೆಯ ಮೆಟ್ಟಿಲಿನಲ್ಲಿ ಮೈ ನಿಂತಿತು. ಬೇಕೆಂದು ನಿಲ್ಲಿಸಿದ್ದಲ್ಲ. ತಿರುವಿನ ಜಾಗದಲ್ಲಿ ಕುರ್ಚಿ ಇಳಿಸಿ, ಬೇರೆ ದಾರಿ ಕಾಣದೆ ಅದರಲ್ಲೇ ಕೂತರು. ಬಾಮೈದನ ದಿಂಬು, ಹಾಸಿಗೆಗಳನ್ನು ಮೇಲಿನ ಕೋಣೆಗೆ ಸಾಗಿಸುತ್ತಿದ್ದವರು ಗೋಡೆಗೆ ಅಂಟಿಕೊಂಡು ಹೋಗಬೇಕಾಯಿತು. ದಾರಿಗೆ ಯಾಕೆ ಕುರ್ಚಿ ಹಾಕಿದ್ದೀರಿ ಎಂದು ಇಬ್ಬರು ಕೇಳಿದರು.

ಕೊನೆಗೆ ಬಾಮೈದ ಹತ್ತಿಕೊಂಡು ಬಂದ. ಒಂದು ತಿಂಗಳ ಮೇಲೆ ತನ್ನ ಕೋಣೆಗೆ ಹೋಗುತ್ತಿದ್ದ. ಭಾವನನ್ನು ನೋಡಿ ನಿಂತ. ಒಂದು ಮೆಟ್ಟಿಲು ಕೆಳಗೆ ಕೂತು, ತಲೆ ತಗ್ಗಿಸಿಕೊಂಡು, ತಡವರಿಸುತ್ತ ಹೇಳಿದ. "ನನಗೆ ಮೊದಲಿಂದ್ಲೂ ಗೊತ್ತಿತ್ತು ಭಾವ, ನನಗೇನೂ ಇಲ್ಲ ಅಂತ. ಎಷ್ಟು ಹೇಳಿದೆ. ಯಾರೂ ನಂಬ್ಲಿಲ್ಲ. ನಮ್ಮ ಮೈ ಬಗ್ಗೆ ನಾವು ಹೇಳಿದ್ದನ್ನ ಯಾರೂ ನಂಬ್ದೇ ಇದ್ರೆ ಹೆಂಗಿರುತ್ತೆ ಅಂತ ಈಗ ಗೊತ್ತಾಯ್ತು. ನೀವು ಹನ್ನೊಂದು ವರ್ಷ ಹೆಂಗಿದ್ರಿ?"

ಮುದ್ರೆಯವರು ಅವನನ್ನೇ ನೋಡಿದರು. ಬಾಮೈದ ತಲೆಯೆತ್ತಿದ. ಹಾಸ್ಯವಿರಲಿಲ್ಲ, ಆತುರವಿರಲಿಲ್ಲ. ಅವನಿಗೆ ಹೋಗಬೇಕಾದ ತುರ್ತು ಕೆಲಸವೂ ಯಾವುದೂ ಇರಲಿಲ್ಲ.

"ನಿಜ ಹೇಳಿ ಭಾವ. ಎಲ್ಲಿ ನೋವು?"

ಭುಜದಿಂದ ಶುರುಮಾಡಬೇಕೆಂದು ಮುದ್ರೆಯವರು ಉಸಿರು ಎಳೆದುಕೊಂಡರು. ಭುಜ, ಆಮೇಲೆ ಕತ್ತು, ಆಮೇಲೆ ಬೆನ್ನು, ಕ್ರಮವಾಗಿ ಪಾದದವರೆಗೆ, ಗೆರೆಯ ಆಚೆಯ ಅರ್ಧ ಅಂಗುಲವನ್ನೂ ಸೇರಿಸಿ. ಜೇಬಿನ ಕಾಗದ ತೆಗೆಯಲು ಕೈ ಹೋಯಿತು. ಬಾಯಿ ತೆರೆದರು.

"ಏನಿಲ್ಲ," ಎಂದಿತು ಬಾಯಿ, "ಚೆನ್ನಾಗಿದ್ದೀನಿ."

ಬಾಮೈದನ ಮುಖ ಅರಳಿತು. ಎದೆಯ ಮೇಲಿನ ಭಾರ ಇಳಿದವನಂತೆ ಎದ್ದು, ಭಾವನ ಭುಜವನ್ನು ಗಟ್ಟಿಯಾಗಿ ಒಮ್ಮೆ ತಟ್ಟಿ, ಶಿಳ್ಳೆ ಹಾಕುತ್ತ ಎರಡೆರಡು ಮೆಟ್ಟಿಲು ಹತ್ತಿ ಮಲಗಲು ಹೋದ.

ಹನ್ನೊಂದು ವರ್ಷದಲ್ಲಿ ಮುದ್ರೆಯವರ ಮಾತನ್ನು ಒಬ್ಬರು ಒಂದೇ ಸಲಕ್ಕೆ ನಂಬಿದ್ದು ಅದೇ ಮೊದಲು.